ಫಲವನ್ನು ಕಂಡು ಧರ್ಮವನ್ನು ಅಳೆದ ಅರಸು

ಕೊಪ್ಪಳದ ಗವಿಮಠಕ್ಕೆ ಯಾತ್ರಾರ್ಥವಾಗಿ ಹೋಗಿಬಂದ ಸದ್ಭಕ್ತರು ಈ ಗ್ರಂಥದ ವಾಚಕರಲ್ಲಿ ಅನೇಕರಿರಬಹುದು. ಗವಿಸಿದ್ಧೇಶ್ವರನ ಗದ್ದುಗೆಯ ದರ್ಶನವನ್ನು ಮಾಡಿಕೊಂಡು, ದಾಸೋಹದಲ್ಲಿ ಪ್ರಸಾದವನ್ನು ಸ್ವೀಕರಿಸಿ, ಬೆಟ್ಟದ ನೆರಳಿನಲ್ಲಿ ಕ್ಷಣಕಾಲ ವಿಶ್ರಮಿಸಿ ಹಿಂದಿರುಗುವುದು ಯಾತ್ರಿಕರ ವಾಡಿಕೆ. ಆದರೆ ಅದೇ ಬೆಟ್ಟದ ಬಂಡೆಯೊಂದರ ಮೇಲೆ, ನಮ್ಮ ನಾಡಿನಲ್ಲಿ ಕಲ್ಲಿನ ಗುಡಿಗಳೂ ಮಠಗಳೂ ತಲೆಯೆತ್ತುವುದಕ್ಕೆ ಎಷ್ಟೋ ಶತಮಾನಗಳ ಪೂರ್ವದಲ್ಲಿ ಕೊರೆಯಿಸಿದ ಅಕ್ಷರಗಳಿರುವುದನ್ನು ಕಣ್ಣಾರೆ ನೋಡಿ ಬಂದವರು ವಿರಳ. ಆ ಬರಹವು ಮೌರ್ಯ ಚಕ್ರವರ್ತಿಯಾದ ಅಶೋಕನದು. 1931ರಲ್ಲಿ ಅದೂ, ಅದೇ ಊರ ಬಳಿಯ ಪಾಲ್ಕಿಗುಂಡಿನ ಮೇಲಿರುವ ಅದರ ಜೊತೆಯ ಬರಹವೂ ವಿದ್ವಾಂಸರ ಕಣ್ಣಿಗೆ ಬಿದ್ದುವು. ಅಲ್ಲಿಯವರೆಗೆ ಗವಿಯ ತಪಸ್ವಿಗಳೂ, ಅವರ ಸೇವೆಗೆ ಬಂದ ಭಕ್ತರೂ, ದನಕಾಯುವ ಹುಡುಗರೂ ಆ ಬಂಡೆಯ ಬಳಿಯಲ್ಲಿಯೇ ನಡೆದಾಡಿದ್ದರು. ಓದಬಲ್ಲವರು ಮಾತ್ರ ಯಾರೂ ಇರಲಿಲ್ಲ.

ಅಶೋಕನ ಚರಿತ್ರೆಯನ್ನು ಸಮಗ್ರವಾಗಿ ಬರೆಯುವುದು ಪ್ರಕೃತ ಲೇಖನದ ಉದ್ದೇಶವಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಹಿಡಿದು ಆತನ ಶಾಸನಗಳನ್ನು ಓದುವುದಕ್ಕೆ ಇಲ್ಲಿ ಯತ್ನಿಸಲಾಗಿದೆ. ಒಂದು ನಂಬುಗೆಯನ್ನಾಗಲಿ, ಒಂದು ಬಾಳುವ ರೀತಿಯನ್ನಾಗಲಿ ಒಳ್ಳೆಯದೆಂದು ಯಾವುದರಿಂದ ನಿರ್ಣಯಿಸಬೇಕು? ಹಿರಿಯರು ನಡೆಸಿಕೊಂಡು ಬಂದರೆಂಬುದರಿಂದಲೋ, ಗ್ರಂಥದಲ್ಲಿ ಉಕ್ತವಾಗಿದೆಯೆಂಬುದರಿಂದಲೋ, ಅಥವಾ ಅದನ್ನು ಅನುಸರಿಸಿದವರಿಗೂ ಅವರ ನೆರೆಹೊರೆಯಲ್ಲಿ ಬಾಳುವವರಿಗೂ ಅದರಿಂದ ಏನಾಯಿತೆಂಬುದರಿಂದಲೋ? ಮೊದಲೆರಡು ಪ್ರಮಾಣಗಳು ಎಲ್ಲ ಕಾಲದಲ್ಲಿಯೂ ಪ್ರಚಲಿತವಾಗಿದ್ದುವು. ಮೂರನೆಯದನ್ನು ಸಿಂಹಾಸನದಲ್ಲಿ ಕುಳಿತವನೊಬ್ಬನು ತನ್ನ ಕೃತ್ಯಕ್ಕೇ ಹಚ್ಚಿ ನೋಡಿ, ಬಂದ ಉತ್ತರವನ್ನು ಮುಚ್ಚಿಡದೆ ಕಲ್ಲಿನ ಮೇಲೆ ಬರೆಯಿಸಿದ ನಿದರ್ಶನವು ಅಶೋಕನಲ್ಲಿ ದೊರೆಯುತ್ತದೆ. ಆ ಪರೀಕ್ಷೆಯನ್ನು ಆತನು ಎಷ್ಟರಮಟ್ಟಿಗೆ ನಡೆಸಿದನು, ಎಲ್ಲಿ ನಿಲ್ಲಿಸಿದನು ಎಂಬುದನ್ನು ನೋಡುವುದು ನಮಗೆ ಪ್ರಯೋಜನಕರವಾದೀತು.

ಕನ್ನಡನಾಡಿಗೂ ಈ ಅರಸನಿಗೂ ಇರುವ ಸಂಬಂಧವನ್ನು ಮೊದಲು ಎರಡು ಮಾತುಗಳಲ್ಲಿ ಹೇಳುವೆನು. ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು 1892ರಲ್ಲಿ ರೈಸ್ ಸಾಹೇಬರು ಬೆಳಕಿಗೆ ತಂದರು. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ದೊರೆತ ಶಾಸನವು ಇಡೀ ಭರತಖಂಡದ ಇತಿಹಾಸಕಾರರಿಗೆ ಉಪಕಾರ ಮಾಡಿತು. ಏಕೆಂದರೆ ಅದುವರೆಗೆ ದೊರೆತ ಬರಹಗಳಲ್ಲೆಲ್ಲ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ ಇದ್ದು, ಅಶೋಕನೆಂಬ ಹೆಸರು ಮೊಟ್ಟಮೊದಲು ಕಂಡುಬಂದುದು ಮಸ್ಕಿಯ ಬಂಡೆಯಲ್ಲಿಯೇ. ಮುಂದೆ ಬಳ್ಳಾರಿಯ ಕಡೆಯ ನಿಟ್ಟೂರು, ಉದೇಗೊಳ್ಳಗಳಲ್ಲಿಯೂ ಶಾಸನಗಳು ದೊರೆತುವು. ಎಲ್ಲಕ್ಕಿಂತ ಕೊನೆಯದಾಗಿ ಭೀಮಾನದಿಯ ದಂಡೆಯ ಸನ್ನತಿಯಲ್ಲಿ ದೊರೆತುದರ ವಿಷಯವು ಮುಂದೆ ಬರುವುದು. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರನು ಚಪಡನೆಂಬ ತನ್ನ ಹೆಸರನ್ನು ಹೇಳಿಕೊಂಡು, ತನ್ನ ಉದ್ಯೋಗವನ್ನು ಸೂಚಿಸುವ ಪದವನ್ನು ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿರುವನು. ಗಾಂಧಾರದ ಕಡೆಯ ಲಿಪಿಯನ್ನು ಬಲ್ಲವನು ಮೊಳಕಾಲ್ಮುರಿನ ಬೆಟ್ಟದ ತಪ್ಪಲಿಗೆ ಬಂದು ಕುಳಿತು ಬರೆದನೆಂದರೆ ಆ ರಾಜ್ಯದ ಹರವು ಎಷ್ಟಿದ್ದಿತೆಂದು ಊಹಿಸಬಹುದು.

ಇನ್ನು ವಿಷಯಕ್ಕೆ ಬರೋಣ. ಅಶೋಕನು ಪಟ್ಟಾಭಿಷಿಕ್ತನಾಗಿ ಎಂಟು ವರ್ಷಗಳಾದಾಗ, ಅಂದರೆ ಸುಮಾರು ಕ್ರಿ. ಪೂ. 261ರಲ್ಲಿ, ಕಳಿಂಗ ದೇಶದ ಮೇಲೆ ದಂಡೆತ್ತಿ ಹೋಗಿ ಅದನ್ನು ಜಯಿಸಿದನು. ರಾಜನೀತಿಯ ಲೆಕ್ಕದಲ್ಲಿ ಇದು ಪೂರ್ಣ ವಿಜಯ. ಪೂರ್ವ ಸಮುದ್ರದ ತೀರವು ಕೈಸೇರಿತು; ಎದುರಾಳಿಯು ಉಳಿಯಲಿಲ್ಲ. ಬೇರೊಬ್ಬ ಅರಸನಾಗಿದ್ದರೆ ಆಸ್ಥಾನ ಕವಿಯನ್ನು ಕರೆಯಿಸಿ ಪ್ರಶಸ್ತಿಯನ್ನು ಬರೆಯಿಸುತ್ತಿದ್ದನು. ಶತ್ರುಗಳ ರಕ್ತದಿಂದ ಖಡ್ಗವನ್ನು ತೊಳೆದನೆಂಬ ವರ್ಣನೆಗಳು ನಮ್ಮ ಶಾಸನಗಳಲ್ಲಿಯೂ ಬೇಕಾದಷ್ಟಿವೆ. ಅಶೋಕನ ಹದಿಮೂರನೆಯ ಶಿಲಾಶಾಸನವು ಹಾಗಿಲ್ಲ. ಸೆರೆಹಿಡಿದು ದೇಶದಿಂದ ಒಯ್ಯಲ್ಪಟ್ಟವರು 1,50,000, ಅಲ್ಲಿ ಹತರಾದವರು 1,00,000, ಬೇರೆ ಬೇರೆ ಕಾರಣಗಳಿಂದ ಸತ್ತವರು ಇದರ ಹಲವು ಪಟ್ಟು ಎಂದು ಅದು ಎಣಿಸಿ ಹೇಳುತ್ತದೆ. ಈ ಸಂಖ್ಯೆಗಳನ್ನು ಎಣಿಕೆಯ ಕಣಜದಂತೆ ನಂಬಬೇಕಾಗಿಲ್ಲ. ದುಂಡು ಸಂಖ್ಯೆಗಳು ಅಂದಾಜಿನವೇ. ಆದರೆ ಗೆದ್ದವನು ತಾನಾಗಿಯೇ ತಾನು ಕೊಂದವರ ಲೆಕ್ಕವನ್ನು ಬರೆಯಿಸಿದನೆಂಬುದು ಸಂಖ್ಯೆಗಿಂತ ದೊಡ್ಡ ಸಂಗತಿ.

ಅದರ ಮುಂದಿನ ಮಾತು ಇನ್ನೂ ವಿಚಾರಾರ್ಹವಾದುದು. ಆ ದೇಶದಲ್ಲಿಯೂ ಬ್ರಾಹ್ಮಣರು, ಶ್ರಮಣರು, ಬೇರೆ ಬೇರೆ ಮತಗಳ ಅನುಯಾಯಿಗಳು, ಗೃಹಸ್ಥರು ಬಾಳುತ್ತಿದ್ದರು. ತಂದೆತಾಯಿಗಳ ಮಾತನ್ನು ಕೇಳುವವರು, ಗುರುಗಳನ್ನು ಗೌರವಿಸುವವರು, ಮಿತ್ರರಲ್ಲಿಯೂ ಆಳುಗಳಲ್ಲಿಯೂ ಸರಿಯಾಗಿ ನಡೆದುಕೊಳ್ಳುವವರು ಅಲ್ಲಿದ್ದರು. ಅಂಥವರಿಗೆ ಗಾಯವೋ ಮರಣವೋ ಪ್ರಿಯಜನರ ಅಗಲಿಕೆಯೋ ಒದಗಿತು ಎಂದು ಅರಸನು ಹೇಳುವನು. ಅಷ್ಟಕ್ಕೇ ನಿಲ್ಲದೆ, ತಮಗೆ ಏನೂ ಆಗದೆ ಉಳಿದವರೂ ತಮ್ಮ ಮಿತ್ರರಿಗೆ, ಪರಿಚಿತರಿಗೆ, ಬಂಧುಗಳಿಗೆ ಒದಗಿದ ದುಃಖದಿಂದ ತಾವೂ ಹತರಾದಂತೆಯೇ ಆದರೆಂದು ತಿಳಿಸುವನು. ಇಲ್ಲಿ ಪರೀಕ್ಷೆಯ ರೀತಿಯನ್ನು ಗಮನಿಸಬೇಕು. ಒಂದು ಕೃತ್ಯದ ಫಲವು ಅದನ್ನು ನೇರವಾಗಿ ಅನುಭವಿಸಿದವನಲ್ಲಿಯೇ ಮುಗಿಯುವುದಿಲ್ಲ. ಕೆರೆಗೆ ಬಿದ್ದ ಕಲ್ಲಿನಿಂದ ಎದ್ದ ಅಲೆಯಂತೆ ಅದು ಸುತ್ತಲೂ ಹರಡುವುದು. ಹೀಗೆ ಹರಡಿದುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಅಂದು ಕಳಿಂಗದಲ್ಲಿ ನೊಂದವರ ನೂರನೆಯ, ಸಾವಿರದ ಒಂದು ಪಾಲಿನಷ್ಟು ಜನರು ನೊಂದರೂ ಈಗ ತನಗೆ ಅದು ದುಸ್ಸಹವೆಂದು ಅಶೋಕನು ತೀರ್ಮಾನಿಸಿದನು. ಇದು ಶಾಸ್ತ್ರದ ಆಧಾರದಿಂದ ಮಾಡಿದ ತೀರ್ಮಾನವಲ್ಲ. ಯುದ್ಧವು ಕ್ಷತ್ರಿಯನಿಗೆ ವಿಹಿತವೇ ಅವಿಹಿತವೇ ಎಂಬ ಚರ್ಚೆಯು ಶಾಸನದಲ್ಲಿ ಎಲ್ಲಿಯೂ ಬರುವುದಿಲ್ಲ. ಮನುಷ್ಯರಿಗೆ ಏನಾಯಿತೆಂಬುದನ್ನು ನೋಡಿ ಮಾಡಿದ ತೀರ್ಮಾನ.

ಆದರೆ ಪ್ರಶಂಸೆಯ ಭರದಲ್ಲಿ ಇತಿಹಾಸಕಾರನು ಕಣ್ಣು ಮುಚ್ಚಲಾಗದು. ಈ ಪಶ್ಚಾತ್ತಾಪದ ಶಾಸನವು ವಾಯವ್ಯದ ಶಾಹಬಾಜಗಢಿ ಮಾನ್ಸೇಹ್ರಾಗಳಲ್ಲಿದೆ, ಸೌರಾಷ್ಟ್ರದ ಗಿರಿನಾರದಲ್ಲಿದೆ, ಹಿಮಾಲಯದ ತಪ್ಪಲಿನ ಕಾಲ್ಸಿಯಲ್ಲಿದೆ, ನಮ್ಮ ನೆರೆಯ ಎರ್ರಗುಡಿಯಲ್ಲಿದೆ. ಯಾವ ಕಳಿಂಗದ ಜನರು ಅದನ್ನು ಕೇಳಬೇಕಾಗಿದ್ದಿತೋ ಆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಅದಿಲ್ಲ. ಅಲ್ಲಿ ಅದರ ಸ್ಥಾನದಲ್ಲಿ ಬೇರೆ ಎರಡು ಶಾಸನಗಳನ್ನು ಕೆತ್ತಿಸಲಾಗಿದೆ. ಗೆದ್ದ ನಾಡನ್ನು ಆತನು ಹಿಂದಿರುಗಿಸಿದನೆಂದಾಗಲಿ, ಒಯ್ದ ಒಂದೂವರೆ ಲಕ್ಷ ಜನರು ತಮ್ಮ ಊರುಗಳಿಗೆ ಮರಳಿದರೆಂದಾಗಲಿ ಯಾವ ಬರಹವೂ ಹೇಳುವುದಿಲ್ಲ. ಅದೇ ಹದಿಮೂರನೆಯ ಶಾಸನದಲ್ಲಿ ಅಡವಿಯ ಜನರಿಗೆ, ತನಗೆ ಪಶ್ಚಾತ್ತಾಪವಾಗಿದ್ದರೂ ಶಕ್ತಿಯು ಇದ್ದೇ ಇರುವುದೆಂದೂ, ತಪ್ಪಿಗೆ ನಾಚಿಕೊಂಡರೆ ಹತರಾಗುವುದು ತಪ್ಪುವುದೆಂದೂ ಎಚ್ಚರಿಕೆಯು ಕೊಡಲ್ಪಟ್ಟಿದೆ. ಕರುಣೆಯ ಮಾತಿನೊಳಗೆ ದಂಡದ ಸದ್ದು ಅಡಗಿಲ್ಲವೆಂದು ಹೇಳುವಂತಿಲ್ಲ.

ಕಳಿಂಗದ ವಿಷಯವು ಎಲ್ಲರೂ ಬಲ್ಲುದು. ನಮ್ಮಂಥ ಗೃಹಸ್ಥರ ಬಾಳಿಗೆ ಹೆಚ್ಚು ಸಮೀಪವಾದುದು ಒಂಬತ್ತನೆಯ ಶಿಲಾಶಾಸನ. ಅದನ್ನು ಓದುವವರು ಕಡಿಮೆ. ಜನರು ರೋಗ ಬಂದಾಗ, ಮಕ್ಕಳ ಮದುವೆಯಲ್ಲಿ, ಸಂತಾನವಾದಾಗ, ಪ್ರಯಾಣಕ್ಕೆ ಹೊರಡುವಾಗ ನಾನಾ ಬಗೆಯ ಮಂಗಳಕಾರ್ಯಗಳನ್ನು ಮಾಡುತ್ತಾರೆ. ಅದರಲ್ಲಿಯೂ ತಾಯಂದಿರೂ ಹೆಂಗಸರೂ ಬಗೆಬಗೆಯ ಕ್ಷುಲ್ಲಕವಾದ, ನಿರರ್ಥಕವಾದ ಆಚರಣೆಗಳನ್ನು ನಡೆಸುತ್ತಾರೆ ಎಂದು ಅರಸನು ಆರಂಭಿಸುವನು. ದೃಷ್ಟಿ ನಿವಾಳಿಸುವುದೂ, ಹೊಸ್ತಿಲಲ್ಲಿ ತೆಂಗಿನಕಾಯಿ ಒಡೆದು ಹೊರಡುವುದೂ ಇಂದಿಗೂ ನಮ್ಮ ಮನೆಗಳಲ್ಲಿ ಉಂಟಷ್ಟೆ. (ಹೆಂಗಸರ ಮೇಲೆಯೇ ದೋಷವನ್ನು ಹೊರಿಸುವ ಗಂಡಸರ ಚಟವು ಇಷ್ಟು ಪುರಾತನವಾದುದೆಂದು ತಿಳಿದು ನಮ್ಮ ಅಕ್ಕತಂಗಿಯರು ನಗಬಹುದು. ಮದುವೆಯ ಮನೆಯಲ್ಲಿ ಸಾಲಮಾಡಿ ಬಾಜಾಬಜಂತ್ರಿಯನ್ನು ತರಿಸುವವರು ಯಾರೆಂಬುದನ್ನು ಅವರೇ ಹೇಳಲಿ.)

ಇಂಥ ಆಚರಣೆಗಳನ್ನು ಕಂಡ ಸುಧಾರಕರಲ್ಲಿ ಸಾಮಾನ್ಯವಾಗಿ ಎರಡು ಬಗೆಯವರು. ಒಬ್ಬರು ಇವೆಲ್ಲ ಮೌಢ್ಯವೆಂದು ಒಮ್ಮೆಗೇ ತಳ್ಳಿಬಿಡುವವರು. ಇನ್ನೊಬ್ಬರು ಪರಂಪರೆಯೆಂದು ಮುಟ್ಟದೆ ಬಿಡುವವರು. ಅಶೋಕನು ಹಿಡಿದ ದಾರಿ ಬೇರೆ. ಮಂಗಳಕಾರ್ಯಗಳನ್ನು ಮಾಡಲೇಬೇಕು, ಆದರೆ ಇವು ಅಲ್ಪಫಲದವು ಎಂದು ಆತನು ಹೇಳುವನು. ಬಹುಫಲವುಳ್ಳ ಮಂಗಳವು ಯಾವುದೆಂದರೆ ಧರ್ಮಮಂಗಳ; ಅದರ ಅಂಗಗಳು ದಾಸರನ್ನೂ ಸೇವಕರನ್ನೂ ಸರಿಯಾಗಿ ನಡೆಸಿಕೊಳ್ಳುವುದು, ಗುರುಗಳಲ್ಲಿ ಗೌರವ, ಪ್ರಾಣಿಗಳ ವಿಷಯದಲ್ಲಿ ಸಂಯಮ, ಶ್ರಮಣಬ್ರಾಹ್ಮಣರಿಗೆ ದಾನ. ಈ ಪಟ್ಟಿಯಲ್ಲಿ ಮೊದಲನೆಯದಾಗಿ ಬಂದುದು ಮನೆಯ ಆಳು ಎಂಬುದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ದೇವರ ಕೋಣೆಯಲ್ಲಿ ನಡೆಯುವುದರ ಬೆಲೆಯನ್ನು ಕೊಟ್ಟಿಗೆಯಲ್ಲಿಯೂ ಅಡಿಗೆಯ ಮನೆಯಲ್ಲಿಯೂ ನಡೆಯುವುದರಿಂದ ಕಟ್ಟಿದಂತಾಯಿತು. ದಾಸ್ಯವೇ ತಪ್ಪೆಂದು ಆತನು ಹೇಳಲಿಲ್ಲ. ಆ ಮಾತಿಗೆ ಲೋಕವು ಇನ್ನೂ ಬಹು ಕಾಲ ಕಾಯಬೇಕಾಯಿತು. ಕಾಯಕವನ್ನೂ ದಾಸೋಹವನ್ನೂ ಮುಂದಿಟ್ಟ ಕಲ್ಯಾಣದ ಶರಣರಿಗೂ ಈ ಅರಸನಿಗೂ ನಡುವೆ ಸುಮಾರು 1,400 ವರ್ಷಗಳ ಅಂತರವಿದೆ. ಅವರು ಇವನ ಬರಹವನ್ನು ಓದಿರಲಾರರು. ಆ ಹೊತ್ತಿಗೆ ಬ್ರಾಹ್ಮೀ ಲಿಪಿಯು ಮರೆತುಹೋಗಿದ್ದಿತು. ಆದರೂ ಆಚಾರದ ಬೆಲೆಯನ್ನು ನಡೆಯಿಂದ ಕಟ್ಟಬೇಕೆಂಬ ಮಾತು ಒಂದೇ ನಾಡಿನ ಬಂಡೆಯ ಮೇಲೂ ಅನುಭವಿಗಳ ಬಾಯಲ್ಲಿಯೂ ಬೇರೆ ಬೇರೆಯಾಗಿ ಹುಟ್ಟಿತೆಂಬುದು ಸಂತೋಷದ ವಿಷಯ.

ಕಾಲ್ಸಿ, ಶಾಹಬಾಜಗಢಿ, ಮಾನ್ಸೇಹ್ರಾಗಳ ಪಾಠದಲ್ಲಿ ಈ ಶಾಸನದ ಕೊನೆಗೆ ಇನ್ನೊಂದು ತರ್ಕವುಂಟು. ಲೌಕಿಕ ಮಂಗಳವು ಸಂಶಯಾಸ್ಪದವಾದುದು. ಬಯಸಿದುದನ್ನು ಸಾಧಿಸಿಕೊಟ್ಟೀತು, ಇಲ್ಲವೆ ಕೊಡದೆಯೂ ಹೋದೀತು. ಸಾಧಿಸಿದರೂ ಅದು ಈ ಲೋಕಕ್ಕೆ ಮಾತ್ರ. ಧರ್ಮಮಂಗಳವಾದರೋ ಇಹದಲ್ಲಿ ಗುರಿ ಮುಟ್ಟದಿದ್ದರೂ ಪರದಲ್ಲಿ ಪುಣ್ಯವನ್ನು ಕೊಡುವುದು. ಕೇಳುವುದಕ್ಕೆ ಇದು ವಣಿಕನ ಲೆಕ್ಕದಂತಿದೆ. ಆದರೆ ಇಲ್ಲಿಯೇ ಫಲಪರೀಕ್ಷೆಯ ಒಂದು ತೊಡಕೂ ಕಾಣುವುದು. ಇಹದ ಫಲವನ್ನು ನೋಡಬಹುದು, ಎಣಿಸಬಹುದು. ಪರದ ಫಲವನ್ನು ಕಂಡು ಬಂದು ಹೇಳಿದವರಿಲ್ಲ. ಕಣ್ಣಿಗೆ ಕಾಣುವ ಫಲದಿಂದ ಪರೀಕ್ಷೆಯನ್ನು ಆರಂಭಿಸಿದ ಅರಸನು ಕೊನೆಗೆ ಕಾಣದ ಫಲದ ಆಶ್ರಯವನ್ನು ಪಡೆಯಬೇಕಾಯಿತು. ಇದನ್ನು ದೋಷವೆನ್ನುವವರು ಎನ್ನಲಿ. ಆಳನ್ನು ಪ್ರೀತಿಯಿಂದ ಕಂಡವನಿಗೆ ಈ ಜನ್ಮದಲ್ಲಿಯೇ ಪ್ರತಿಫಲವು ಬಂದೇ ಬರುವುದೆಂದು ಹೇಳಿ ಮೋಸಮಾಡುವುದಕ್ಕಿಂತ ಇದು ಪ್ರಾಮಾಣಿಕವಾದ ಮಾತೆಂದು ಈ ಲೇಖಕನಿಗೆ ತೋರುತ್ತದೆ.

ತನ್ನ ಅರಮನೆಯನ್ನೂ ಆತನು ಈ ಪರೀಕ್ಷೆಯಿಂದ ಹೊರಗಿಡಲಿಲ್ಲ. ಮೊದಲು ರಾಜನ ಪಾಕಶಾಲೆಯಲ್ಲಿ ದಿನವೊಂದಕ್ಕೆ ಲಕ್ಷಾವಧಿ ಪ್ರಾಣಿಗಳು ವಧೆಯಾಗುತ್ತಿದ್ದುವೆಂದೂ, ಈಗ ಎರಡು ನವಿಲು ಒಂದು ಜಿಂಕೆ ಮಾತ್ರವೆಂದೂ, ಜಿಂಕೆಯೂ ನಿತ್ಯವಲ್ಲವೆಂದೂ, ಮುಂದೆ ಈ ಮೂರೂ ನಿಲ್ಲುವುವೆಂದೂ ಮೊದಲನೆಯ ಶಿಲಾಶಾಸನವು ಹೇಳುತ್ತದೆ. ‘ಜಿಂಕೆಯೂ ನಿತ್ಯವಲ್ಲ’ ಎಂಬ ಈ ಸಣ್ಣ ತಿದ್ದುಪಡಿಯನ್ನು ಓದುವಾಗ ಮನುಷ್ಯನು ಕಣ್ಣೆದುರಿಗೆ ಬಂದಂತಾಗುತ್ತದೆ. ಪೂರ್ತಿಯಾಗಿ ಬಿಟ್ಟಿಲ್ಲ, ಬಿಟ್ಟೆನೆಂದು ಹೇಳಿಕೊಂಡೂ ಇಲ್ಲ. ಬೇಟೆಯ ವಿಹಾರಯಾತ್ರೆಗಳನ್ನು ಬಿಟ್ಟು ಧರ್ಮಯಾತ್ರೆಗಳಿಗೆ ಹೊರಟುದು, ಊಟದಲ್ಲಿರಲಿ ಅಂತಃಪುರದಲ್ಲಿರಲಿ ಪ್ರಜೆಗಳ ಕಾರ್ಯವನ್ನು ಯಾವ ಹೊತ್ತಿನಲ್ಲಿಯೂ ತನಗೆ ತಿಳಿಸಬೇಕೆಂದು ವರದಿಗಾರರಿಗೆ ಅಪ್ಪಣೆಕೊಟ್ಟುದು, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿದುದು, ದಾರಿಯಲ್ಲಿ ಬಾವಿ ತೋಡಿಸಿ ಆಲದ ಮರಗಳನ್ನು ನೆಡಿಸಿದುದು, ಇವನ್ನು ನಮ್ಮ ಶಾಲೆಯ ಹುಡುಗರೂ ಬಲ್ಲರು. ಆದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಸನ್ನತಿಯ ಮಾತನ್ನು ಈಗ ಎತ್ತಿಕೊಳ್ಳುವೆನು. ಕಲಬುರ್ಗಿ ಜಿಲ್ಲೆಯ ಆ ಕ್ಷೇತ್ರದಲ್ಲಿ ಚಂದ್ರಲಾಂಬೆಯ ಗುಡಿಯು ಪ್ರಸಿದ್ಧವಾದುದು. ಅದರ ಆವರಣದೊಳಗಿನ ಕಾಳಿಕಾ ಗುಡಿಯು 1980ರ ದಶಕದಲ್ಲಿ ಕುಸಿದುಬಿದ್ದಾಗ, ದೇವಿಯ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡುಬಂದುವು. ಪರೀಕ್ಷಿಸಲಾಗಿ ಅದು ಅಶೋಕನ ಶಾಸನವೆಂದು ಗೊತ್ತಾಯಿತು. ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳ ಭಾಗಗಳೂ, ಕಳಿಂಗದಲ್ಲಿ ಮಾತ್ರ ಇವೆಯೆಂದು ಅದುವರೆಗೆ ತಿಳಿದಿದ್ದ ಆ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿದ್ದುವು. ಮೂರ್ತಿಯನ್ನು ನಿಲ್ಲಿಸುವುದಕ್ಕಾಗಿ ಚಪ್ಪಡಿಯ ನಡುವೆ ಕುಳಿಯನ್ನು ಕೊರೆದಿದ್ದುದರಿಂದ ಕೆಲವು ಅಕ್ಷರಗಳು ನಷ್ಟವಾಗಿವೆ. ಕೊರೆದವರನ್ನು ದೂಷಿಸಲಾಗದು, ಅವರಿಗೆ ಅದು ಚೆನ್ನಾಗಿ ನಯಮಾಡಿದ ಒಂದು ಕಲ್ಲು.

ಆ ಕಲ್ಲಿನಲ್ಲಿರುವ ಹನ್ನೆರಡನೆಯ ಶಾಸನವು ಮಠಗಳ ಸಂಬಂಧವುಳ್ಳವರೆಲ್ಲರೂ ವಿಚಾರಿಸಬೇಕಾದುದು. ಎಲ್ಲ ಮತಗಳವರನ್ನೂ, ಸಂನ್ಯಾಸಿಗಳನ್ನೂ ಗೃಹಸ್ಥರನ್ನೂ ಅರಸನು ದಾನದಿಂದಲೂ ಪೂಜೆಯಿಂದಲೂ ಮನ್ನಿಸುವನು; ಆದರೆ ಆ ದಾನಪೂಜೆಗಳಿಗಿಂತ ಎಲ್ಲ ಮತಗಳಲ್ಲಿಯೂ ಸಾರವು ವೃದ್ಧಿಯಾಗುವುದೇ ಮೇಲೆಂದು ಆತನ ಅಭಿಪ್ರಾಯ. ಸಾರವೃದ್ಧಿಯ ಮೂಲವು ಯಾವುದು? ಹೆಚ್ಚಿನ ತಪಸ್ಸು, ಹೆಚ್ಚಿನ ಪಾಂಡಿತ್ಯ, ಹೆಚ್ಚಿನ ಅನುಯಾಯಿಗಳು ಎಂದು ಯಾರಾದರೂ ಹೇಳಿಯಾರು. ಶಾಸನವು ಹೇಳುವುದು ನಾಲಗೆಯ ಹಿಡಿತ. ಸಂದರ್ಭವಿಲ್ಲದೆ ತನ್ನ ಮತವನ್ನು ಹೊಗಳಬಾರದು, ಪರರ ಮತವನ್ನು ಹಳಿಯಬಾರದು. ಸಂದರ್ಭವಿದ್ದಾಗಲೂ ಹಗುರವಾಗಿ ಮಾತಾಡಬೇಕು. ಇದಕ್ಕೆ ಆತನು ಕೊಡುವ ಕಾರಣವು ಪುನಃ ಫಲದ ಕಾರಣವೇ. ತನ್ನ ಮತದ ಮೇಲಿನ ಭಕ್ತಿಯಿಂದ, ಅದನ್ನು ಬೆಳಗಿಸಬೇಕೆಂದು, ಪರಮತವನ್ನು ನಿಂದಿಸುವವನು ತನ್ನ ಮತಕ್ಕೇ ಹೆಚ್ಚಿನ ಹಾನಿಯನ್ನು ಮಾಡುವನು. ಅವನ ಉದ್ದೇಶವು ಭಕ್ತಿಯೇ ಎಂಬುದನ್ನು ಅರಸನು ಅಲ್ಲಗಳೆಯುವುದಿಲ್ಲ. ಉದ್ದೇಶವು ಶುದ್ಧವಾಗಿದ್ದು ಫಲವು ವಿಷವಾಗಬಹುದೆಂಬುದೇ ಇಲ್ಲಿಯ ಸೂಕ್ಷ್ಮ. ನಮ್ಮ ಹಳೆಯ ವಾದವಿವಾದಗಳಲ್ಲಿ ಹೊತ್ತಗೆಗೆ ಎದುರು ಹೊತ್ತಗೆಗಳನ್ನು ಅಚ್ಚುಮಾಡಿಸಿ, ಊರಿಗೆ ಊರೇ ಎರಡು ಪಂಗಡವಾಗಿ, ಬೀಗತನಗಳು ಮುರಿದ ಸಂದರ್ಭಗಳನ್ನು ಬಲ್ಲ ಹಿರಿಯರಿಗೆ ಈ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ಪ್ರತ್ಯೇಕ ಶಾಸನಗಳು ಅಧಿಕಾರಿಗಳನ್ನು ಉದ್ದೇಶಿಸಿದವು. ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದೂ, ತನ್ನ ಮಕ್ಕಳಿಗೆ ಬಯಸುವ ಇಹಪರಗಳ ಹಿತವನ್ನೇ ಎಲ್ಲರಿಗೂ ಬಯಸುವನೆಂದೂ ಅರಸನು ಹೇಳುವುದು ಇವುಗಳಲ್ಲಿಯೇ. ಆದರೆ ಆ ಪ್ರಸಿದ್ಧವಾದ ಮಾತಿನ ಅನಂತರ ಬರುವ ಒಣ ವಿವರಗಳು ಹೆಚ್ಚು ಬೆಲೆಯುಳ್ಳವು. ಕೆಲವು ವೇಳೆ ಯಾರೋ ಒಬ್ಬನು ಕಾರಣವಿಲ್ಲದೆ ಸೆರೆಯನ್ನೋ ಹಿಂಸೆಯನ್ನೋ ಅನುಭವಿಸುವನು. ಅದರಿಂದ ಇತರ ಬಹುಜನರು ದುಃಖಿಗಳಾಗುವರು. ಕಳಿಂಗದ ಯುದ್ಧದಲ್ಲಿ ಕಂಡ ಆ ಹರಡುವ ದುಃಖವನ್ನೇ ಇಲ್ಲಿ ಒಂದು ಚಾವಡಿಯ ತೀರ್ಪಿನಲ್ಲಿಯೂ ಅರಸನು ಕಂಡಿರುವನು. ನ್ಯಾಯವು ತಪ್ಪುವುದು ಯಾವುದರಿಂದ? ಅಸೂಯೆ, ಮುಂಗೋಪ, ಕ್ರೌರ್ಯ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು. ಕಡೆಯ ಎರಡನ್ನು ನೋಡಿದರೆ, ದುಷ್ಟನಾದ ಅಧಿಕಾರಿಯಿಂದ ಆಗುವ ಕೇಡನ್ನೇ ದಣಿದ ಅಧಿಕಾರಿಯೂ ಮಾಡುವನೆಂಬುದನ್ನು ಬಲ್ಲವನು ಬರೆಯಿಸಿದ ಶಾಸನವಿದೆಂದು ಗೊತ್ತಾಗುವುದು. ತಿಷ್ಯ ನಕ್ಷತ್ರದ ದಿನಗಳಲ್ಲಿ ಇದನ್ನು ಓದಿ ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬೇಕು. ಐದೈದು ವರ್ಷಗಳಿಗೊಮ್ಮೆ ಮೃದು ಸ್ವಭಾವದ ಮಹಾಮಾತ್ರನನ್ನು ಸಂಚಾರಕ್ಕೆ ಕಳುಹಿಸಿ ತನ್ನ ಅಪ್ಪಣೆಯು ನಡೆಯುತ್ತಿದೆಯೇ ಎಂದು ನೋಡಿಸುವೆನೆಂದೂ ಅರಸನು ಹೇಳಿದನು. ಅಪ್ಪಣೆ ಮಾಡಿದರೆ ಸಾಲದು, ಅದರ ಫಲವನ್ನು ಹೋಗಿ ನೋಡಬೇಕೆಂಬ ಈ ಏರ್ಪಾಡು ಆತನ ವಿಚಾರದ ಪೂರ್ಣತೆಗೆ ಸಾಕ್ಷಿ.

ಹೀಗಿದ್ದರೂ ಸ್ವಂತ ನಿಯಮಗಳ ಫಲವನ್ನು ಆತನು ಎಲ್ಲ ಕಡೆಯಿಂದಲೂ ನೋಡಿದನೇ? ಐದನೆಯ ಸ್ತಂಭಶಾಸನದಲ್ಲಿ ಗಿಳಿ, ಗೊರವಂಕ ಮೊದಲಾಗಿ ಕೊಲ್ಲಬಾರದ ಪ್ರಾಣಿಗಳ ಉದ್ದವಾದ ಪಟ್ಟಿಯಿದೆ. ಕೆಲವು ತಿಥಿಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಬಾರದು. ಜೀವಿಗಳಿರುವ ಹೊಟ್ಟನ್ನು ಸುಡಬಾರದು. 1958ರಲ್ಲಿ ಕಂದಹಾರದಲ್ಲಿ ದೊರೆತ ಗ್ರೀಕ್ ಮತ್ತು ಅರಮಾಯಿಕ್ ಭಾಷೆಗಳ ಶಾಸನವು, ಅರಸನ ಬೇಡರೂ ಬೆಸ್ತರೂ ಬೇಟೆಯನ್ನು ನಿಲ್ಲಿಸಿದರೆಂದು ಸಮಾಧಾನದಿಂದ ಹೇಳುತ್ತದೆ. ಜಿಂಕೆಗೂ ಮೀನಿಗೂ ಅದು ಒಳ್ಳೆಯದಾಯಿತು. ಬಲೆಯನ್ನು ಸುತ್ತಿಟ್ಟ ಬೆಸ್ತನ ಮನೆಯಲ್ಲಿ ಆ ಸಂಜೆ ಒಲೆ ಹೊತ್ತಿತೇ ಎಂಬುದನ್ನು ಕೇಳಿದವರು ಶಾಸನದಲ್ಲಿಲ್ಲ. ಸಂಯಮವನ್ನು ಬೋಧಿಸುವ ಪ್ರತಿಯೊಂದು ಧರ್ಮವೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಶಾಕಾಹಾರವನ್ನು ಉತ್ತಮವೆಂದು ನಂಬಿದ ನಾವೂ ಕೇಳಿಕೊಳ್ಳಬೇಕಾದುದು. ತನ್ನ ಪುಣ್ಯವನ್ನು ಮನುಷ್ಯನು ಕಾಣುವನು, ಪಾಪವನ್ನು ಕಾಣುವುದಿಲ್ಲ, ಇದು ನೋಡಿಕೊಳ್ಳಲು ಕಷ್ಟವಾದುದು ಎಂದು ಮೂರನೆಯ ಸ್ತಂಭಶಾಸನದಲ್ಲಿ ಅಶೋಕನೇ ಹೇಳಿದ್ದಾನೆ. ಅದು ಆತನಿಗೂ ಅನ್ವಯಿಸಿತೆಂದರೆ ಅಗೌರವವಾಗಲಾರದು.

ಆದರೂ ಆಯುಷ್ಯದ ಕೊನೆಯ ಭಾಗದಲ್ಲಿ, ಪಟ್ಟಾಭಿಷೇಕದ 27ನೆಯ ವರ್ಷದಲ್ಲಿ ಬರೆಯಿಸಿದ ಏಳನೆಯ ಸ್ತಂಭಶಾಸನದಲ್ಲಿ ಆತನು ತನ್ನ ಕಾರ್ಯವನ್ನೆಲ್ಲ ತಿರುಗಿ ನೋಡಿ ಒಂದು ತೀರ್ಮಾನಕ್ಕೆ ಬಂದನು. ಜನರಲ್ಲಿ ಧರ್ಮವು ಬೆಳೆದುದು ಎರಡು ಬಗೆಯಿಂದ: ನಿಯಮದಿಂದ ಮತ್ತು ಮನವೊಲಿಕೆಯಿಂದ. ಇವುಗಳಲ್ಲಿ ನಿಯಮದಿಂದ ಆದುದು ಅಲ್ಪ. ಮನವೊಲಿಕೆಯಿಂದ ಆದುದೇ ಹೆಚ್ಚು. ಇಂಥ ಇಂಥ ಪ್ರಾಣಿಗಳನ್ನು ಕೊಲ್ಲಬಾರದೆಂದು ತಾನು ಮಾಡಿದುದು ನಿಯಮವೆಂದೂ ಆತನೇ ಉದಾಹರಿಸಿರುವನು. ಸರ್ವಾಧಿಕಾರವು ಕೈಯಲ್ಲಿದ್ದ ಅರಸನು, ತನ್ನ ಆಜ್ಞೆಯು ಮನುಷ್ಯರ ಮನಸ್ಸಿನಲ್ಲಿ ಅಷ್ಟಾಗಿ ಕೆಲಸಮಾಡಲಿಲ್ಲವೆಂದು ಒಪ್ಪಿಕೊಂಡ ನಿದರ್ಶನವು ಮತ್ತೆಲ್ಲಿ ದೊರೆತೀತು?

ಅಶೋಕನ ಧರ್ಮವನ್ನು ಅದರ ಫಲದಿಂದ ಅಳೆಯುವ ಕೆಲಸವನ್ನು ಮುಂದಿನ ಕಾಲದ ಇತಿಹಾಸಕಾರರು ವಹಿಸಿಕೊಂಡರು. ಆತನು ಕಾಲವಾಗಿ ಅರ್ಧ ಶತಮಾನವಾಗುವಷ್ಟರಲ್ಲಿ, ಸುಮಾರು ಕ್ರಿ. ಪೂ. 185ರಲ್ಲಿ, ಕೊನೆಯ ಮೌರ್ಯನನ್ನು ಆತನ ಸೇನಾಪತಿ ಪುಷ್ಯಮಿತ್ರನು ಕೊಂದು ರಾಜ್ಯವನ್ನು ಅಪಹರಿಸಿದನು. 1910ರಲ್ಲಿ ಹರಪ್ರಸಾದ ಶಾಸ್ತ್ರಿಗಳು, ಅಶೋಕನ ನೀತಿಯಿಂದ ನೊಂದ ಬ್ರಾಹ್ಮಣರ ಪ್ರತಿಕ್ರಿಯೆಯೇ ಈ ಪತನಕ್ಕೆ ಕಾರಣವೆಂದು ಬರೆದರು. ಹೇಮಚಂದ್ರ ರಾಯಚೌಧುರಿಯವರು ಆ ವಾದವನ್ನು ಖಂಡಿಸಿದರು. ಆದರೆ ಅಹಿಂಸಾನೀತಿಯಿಂದ ಸೈನ್ಯದ ಸತ್ತ್ವವು ಕುಂದಿತೆಂಬುದನ್ನು ತಾವೂ ನಂಬಿದರು. 1961ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ರೋಮಿಲಾ ಥಾಪರರು ಇವೆರಡು ಕಾರಣಗಳನ್ನೂ ಒಪ್ಪದೆ, ಅಷ್ಟು ವಿಸ್ತಾರವಾದ ರಾಜ್ಯದ ಆಡಳಿತದ ರಚನೆಯಲ್ಲಿಯೇ ದೌರ್ಬಲ್ಯವಿದ್ದಿತೆಂದು ತೋರಿಸಿದರು. ಸೈನ್ಯವನ್ನು ವಿಸರ್ಜಿಸಿದನೆಂದು ಯಾವ ಶಾಸನವೂ ಹೇಳದಿರುವಾಗ ಕಡೆಯವರ ಮಾತೇ ಹೆಚ್ಚು ಸಮಂಜಸವೆಂದು ತೋರುತ್ತದೆ.

ಈ ವಿವಾದದಲ್ಲಿ ಒಂದು ಸಂಗತಿಯು ಮರೆಯಾಗಿಬಿಡುವುದು. ಫಲವೆಂದರೆ ಯಾರಿಗಾದ ಫಲ? ರಾಜವಂಶವು ಎಷ್ಟು ಕಾಲ ಉಳಿಯಿತೆಂಬುದು ಪಾಟಲಿಪುತ್ರದ ಅರಮನೆಗೆ ಸಂಬಂಧಿಸಿದ ಫಲ. ದಾರಿಯ ಬಾವಿಯಲ್ಲಿ ನೀರು ಕುಡಿದವನಿಗೆ, ಮರಣದಂಡನೆಯು ವಿಧಿಸಲ್ಪಟ್ಟ ಮೇಲೆ ಮೂರು ದಿನಗಳ ಅವಧಿಯನ್ನು ಪಡೆದು ಬಂಧುಗಳ ಮುಖಾಂತರ ಮೊರೆಯಿಟ್ಟುಕೊಂಡವನಿಗೆ, ಮಕ್ಕಳೊಂದಿಗನೆಂದೋ ವೃದ್ಧನೆಂದೋ ಸೆರೆಯಿಂದ ಬಿಡಲ್ಪಟ್ಟವನಿಗೆ ವಂಶವು ಅಳಿದುದು ಲೆಕ್ಕಕ್ಕೆ ಬಂದೀತೇ? ಹಾಗೆಯೇ ಒಯ್ಯಲ್ಪಟ್ಟ ಕಳಿಂಗದವನಿಗೆ ಅರಸನ ಪಶ್ಚಾತ್ತಾಪವೂ ಲೆಕ್ಕಕ್ಕೆ ಬರಲಾರದು. ಯಾರ ಬಳಿ ನಿಂತು ನೋಡುವೆವೋ ಅದರಂತೆ ಫಲದ ರೂಪವು ಬೇರೆಯಾಗುವುದು. ಅರಸನು ಶಾಸನವನ್ನು ಬರೆಯಿಸಿದನು, ಇತಿಹಾಸಕಾರರು ಗ್ರಂಥಗಳನ್ನು ಬರೆದರು, ಬೆಸ್ತನೂ ಸೆರೆಯಾಳೂ ಏನನ್ನೂ ಬರೆಯಲಿಲ್ಲ.

ಜನರ ನೆನಪು ಎಷ್ಟರಮಟ್ಟಿಗೆ ಉಳಿದಿದ್ದಿತೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಸಾಕ್ಷಿ ದೊರೆತಿದೆ. ಸನ್ನತಿಯ ಮಗ್ಗುಲಲ್ಲಿರುವ ಕನಗನಹಳ್ಳಿಯ ಹೊಲಗಳಲ್ಲಿ ಪುರಾತತ್ತ್ವ ಇಲಾಖೆಯವರು 1990ರ ದಶಕದಲ್ಲಿ ಉತ್ಖನನ ಮಾಡಿ ಒಂದು ದೊಡ್ಡ ಬೌದ್ಧಸ್ತೂಪವನ್ನು ಹೊರತೆಗೆದರು. ಅದರ ಕೆತ್ತನೆಯ ಚಪ್ಪಡಿಯೊಂದರಲ್ಲಿ ಅರಸನೊಬ್ಬನು ತನ್ನ ರಾಣಿಯೊಡನೆ ನಿಂತಿರುವನು. ಚಾಮರಛತ್ರಗಳನ್ನು ಹಿಡಿದ ಪರಿವಾರವು ಸುತ್ತಲೂ ಇದೆ. ಕೈಯಲ್ಲಿ ಖಡ್ಗವನ್ನೆತ್ತಿದ ಭಂಗಿಯಲ್ಲ. ಆತನು ಕಾಲವಾಗಿ ತಲೆಮಾರುಗಳು ಕಳೆದ ಮೇಲೆ ಕೆತ್ತಿದ ಚಿತ್ರವದು. ನೋಡುವವರಿಗೆ ಗುರುತು ತಪ್ಪದಿರಲೆಂದು ಶಿಲ್ಪಿಯು ‘ರಾಯೋ ಅಸೋಕೋ’ ಎಂದು ಎರಡೇ ಪದಗಳನ್ನು ಅಲ್ಲಿ ಕೊರೆದಿದ್ದಾನೆ.